ಮೊದಲು ರಕ್ತ, ಆಮೇಲೆ ಕಾರಣ: ‘ಬರ್ಸರ್ಕ್’ನ ಗಟ್ಸ್ ಪಾತ್ರ ಕಟ್ಟಿದ ಬಗೆ

ಹೊಸಬರು ಬರೆದ ಕಾಮಿಕ್ಸ್ ಸ್ಕ್ರಿಪ್ಟಿನಲ್ಲಿ ಕ್ರೂರ ನಾಯಕನೊಬ್ಬ ಬಂದರೆ ಅವನ ಬೆನ್ನಿಗೇ ಒಂದು ಸಮಜಾಯಿಷಿಯೂ ಓಡಿ ಬರುತ್ತದೆ. ಎರಡನೇ ಪುಟದಲ್ಲಿ ಯಾರನ್ನೋ ಕಡಿದ, ಮೂರನೇ ಪುಟದಲ್ಲಿ ಅವನ ತಾಯಿಯನ್ನು ಯಾರೋ ಕೊಂದ ಫ್ಲ್ಯಾಶ್‌ಬ್ಯಾಕ್. ಓದುಗ ಬೆಚ್ಚಿಬೀಳುವುದಕ್ಕೂ ಪುರುಸೊತ್ತಿಲ್ಲ, ಅಷ್ಟರಲ್ಲೇ ಕ್ಷಮಿಸಿಬಿಡಬೇಕು. ಲಾಂಗು ಹಿಡಿದ ಸಿನಿಮಾ ನಾಯಕರು ನಮಗೆ ಹಚ್ಚಿದ ಚಟ ಇದು. ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದ ‘ಬರ್ಸರ್ಕ್’ ಎಂಬ ಮಾಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ, ಈ ಲೆಕ್ಕ ತಲೆಕೆಳಗು. ಅಲ್ಲಿ ಕಾರಣ ಗೊತ್ತಾಗಬೇಕಾದರೆ ಹೆಚ್ಚುಕಡಿಮೆ ಮೂರು ಸಂಪುಟ ಕಾಯಬೇಕು. ಗೊತ್ತಾದ ಮೇಲೂ ಹಳೇ ಬಾಕಿ ತೀರುವುದಿಲ್ಲ.

ಪದದ ವಿಷಯದಲ್ಲೊಂದು ಮಾತು. ನಾಯಕನ ಜಾಗದಲ್ಲಿದ್ದೂ ನಾಯಕನ ಒಳ್ಳೆಯ ಗುಣಗಳಿಲ್ಲದ ಇಂಥವನಿಗೆ ಇಂಗ್ಲಿಷಿನಲ್ಲಿ ಆಂಟಿ-ಹೀರೊ ಎನ್ನುತ್ತಾರೆ, ಅದಕ್ಕೆ ಕೆಲವರು ‘ಪ್ರತಿನಾಯಕ’ ಅಂತ ಬರೆಯುತ್ತಾರೆ. ನಮ್ಮ ಕಾವ್ಯದ ಮಾತಿನಲ್ಲಿ ಪ್ರತಿನಾಯಕ ಎಂದರೆ ನಾಯಕನ ಎದುರಾಳಿ, ರಾಮನಿಗೆ ರಾವಣ ಇದ್ದ ಹಾಗೆ. ಗಟ್ಸ್ ಯಾರ ಎದುರಾಳಿಯೂ ಅಲ್ಲ, ಕತೆ ನಡೆಯುವುದೇ ಅವನ ಹೆಗಲ ಮೇಲೆ. ಆದ್ದರಿಂದ ಆಂಟಿ-ಹೀರೊ ಎಂದೇ ಇಟ್ಟುಕೊಳ್ಳೋಣ.

ಗಟ್ಸ್ ಕೂಲಿ ಸೈನಿಕ. ನೇಣಿಗೆ ಹಾಕಿದ ಹೆಣದಿಂದ ಹುಟ್ಟಿದವನು, ಗ್ಯಾಂಬಿನೊ ಎಂಬ ಕೂಲಿ ಸೈನಿಕನ ಪಡೆಯಲ್ಲಿ ಬೆಳೆದವನು, ಮುಂದೆ ಗ್ರಿಫಿತ್ ಎಂಬಾತನ ‘ಗಿಡುಗದ ದಂಡು’ ಸೇರಿ ದಾಳಿಯ ಮುಂಚೂಣಿಯಲ್ಲಿ ನಿಂತವನು. ಯುರೋಪಿನ ಮಧ್ಯಯುಗದ ಕೊನೆಯನ್ನು ಹೋಲುವ ಲೋಕ ಅದು. ಆದರೆ ಮೊದಲ ಸಂಪುಟ ತೆರೆದವರಿಗೆ ಇದಾವುದೂ ಸಿಗುವುದಿಲ್ಲ. ಕಣ್ಣಿಗೆ ಬೀಳುವುದು ಒಂಟಿಗಣ್ಣಿನ, ಕಬ್ಬಿಣದ ಕೈಯ, ಯಾರ ಹಂಗೂ ಇಲ್ಲದ ಒಬ್ಬ ಒರಟ. ಹೆಂಡದಂಗಡಿಯಲ್ಲಿ ಪಕ್ ಎಂಬ ಪುಟ್ಟ ಎಲ್ಫ್‌ನನ್ನು (ರೆಕ್ಕೆಯ ಕಿನ್ನರನನ್ನು) ಪುಂಡರು ಗೋಳಾಡಿಸುತ್ತಿದ್ದಾಗ ಅವನ ಬಾಣಗಳು ಹಾರುತ್ತವೆ, ನಿಜ. ಆದರೆ ಪಕ್ ಕೃತಜ್ಞತೆ ಹೇಳಲು ಹೋದರೆ ಅವನಿಗೆ ಕಿರಿಕಿರಿ. ದಾರಿಯಲ್ಲಿ ಗಾಡಿ ಹತ್ತಿಸಿಕೊಂಡ ಪಾದ್ರಿಯೂ ಕೊಲೆಟ್ ಎಂಬ ಹುಡುಗಿಯೂ ಅದೇ ರಾತ್ರಿ ಸಾಯುತ್ತಾರೆ. ಅವನ ಕುತ್ತಿಗೆಯ ಮೇಲಿನ ಬಲಿಯ ಗುರುತು ಪ್ರೇತಗಳನ್ನು ಕರೆದದ್ದೇ ಅದಕ್ಕೆ ಕಾರಣ.

ಇಲ್ಲಿ ಪಕ್‌ನ ಕೆಲಸ ಗಮನಿಸಿ. ಎಷ್ಟೋ ಓದುಗರಿಗೆ ಅವನು ಬರೀ ತಮಾಷೆಯ ಪಾತ್ರ. ಕಸುಬಿನ ಕಣ್ಣಿಗೆ ಅವನು ಸಾಕ್ಷಿ. ಗಟ್ಸ್ ತನ್ನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಪಾತ್ರ ಅಲ್ಲೇ ಬಿದ್ದುಹೋಗುತ್ತದೆ. ಪಕ್‌ಗೆ ಇನ್ನೊಬ್ಬರ ಭಾವನೆ ತಾಗುವ ಶಕ್ತಿ ಇದೆ, ಹಾಗಾಗಿ ಗಟ್ಸ್ ಮುಚ್ಚಿಟ್ಟದ್ದು ಅವನ ಮುಖದಲ್ಲಿ ಕಾಣುತ್ತದೆ. ಮೂರನೇ ಸಂಪುಟದ ಥೆರೆಸಿಯಾ ಪ್ರಸಂಗವನ್ನೇ ತೆಗೆದುಕೊಳ್ಳಿ. ರಾಕ್ಷಸನಾಗಿ ಬದಲಾದ ಒಬ್ಬ ಕೌಂಟ್‌ನ, ಅಂದರೆ ಸಾಮಂತನ, ಮಗಳು ಅವಳು. ಅಪ್ಪನನ್ನು ಬಗ್ಗಿಸಲು ಗಟ್ಸ್ ಆ ಹುಡುಗಿಯನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ. ಕೌಂಟ್ ಮಾತ್ರ ಮಗಳನ್ನು ಬಲಿಕೊಟ್ಟು ಬದುಕುವ ಅವಕಾಶ ಬಂದರೂ ಒಪ್ಪದೆ ನರಕಕ್ಕೆ ಬೀಳುತ್ತಾನೆ. ಆ ಹೊತ್ತಿಗೆ ರಾಕ್ಷಸನೇ ನಾಯಕನಿಗಿಂತ ಮನುಷ್ಯನಾಗಿ ಕಾಣುತ್ತಾನೆ. ಕೊನೆಗೆ ಅವಳು ಗಟ್ಸ್‌ನನ್ನು ಕೊಂದೇ ತೀರುತ್ತೇನೆ ಎನ್ನುತ್ತಾಳೆ. ಅವನು ಬೆನ್ನು ತಿರುಗಿಸಿ ಹೊರಡುತ್ತಾನೆ. ಕಣ್ಣೀರಿನಿಂದ ಸೊಟ್ಟಗಾದ ಅವನ ಮುಖ ಪಕ್‌ಗೆ ಕಾಣುತ್ತದೆ, ನಮಗೂ ಕಾಣುತ್ತದೆ, ಥೆರೆಸಿಯಾಗೆ ಕಾಣುವುದಿಲ್ಲ. ಅವಳಿಗೆ ಅವನು ಕೊನೆಯವರೆಗೂ ಪಾಪಿಯೇ. ಅನ್ಯಾಯಕ್ಕೆ ಒಳಗಾದವರಿಂದಲೇ ‘ಪರವಾಗಿಲ್ಲ’ ಅನ್ನಿಸುವ ಕತೆಗಾರ ಇದೊಂದು ಜಾಗದಲ್ಲಿ ಸೋಲುತ್ತಾನೆ.

ಇದಾದ ಮೇಲೆಯೇ ಹಿಂದಿನ ಕತೆ. ಮೂರನೇ ಸಂಪುಟದ ಕೊನೆಯಲ್ಲಿ ಶುರುವಾದದ್ದು ಹದಿನಾಲ್ಕನೆಯದರವರೆಗೆ ನಡೆಯುತ್ತದೆ. ಇಷ್ಟುದ್ದದ ಫ್ಲ್ಯಾಶ್‌ಬ್ಯಾಕ್ ಸಾಮಾನ್ಯವಾಗಿ ಆತ್ಮಹತ್ಯೆ, ಏಕೆಂದರೆ ಕೊನೆಗೆ ಯಾರು ಉಳಿಯುತ್ತಾರೆಂದು ಓದುಗನಿಗೆ ಗೊತ್ತೇ ಇರುತ್ತದೆ. ಅದು ನಿಲ್ಲುವುದು ಒಂದೇ ಕಾರಣಕ್ಕೆ: ನಗುತ್ತಾ, ಜಗಳವಾಡುತ್ತಾ, ಗೆಳೆಯರ ನಡುವೆ ಇರುವ ಗಟ್ಸ್‌ನನ್ನು ನೋಡುವಾಗಲೆಲ್ಲ ಇವನ ಒಂದು ಕಣ್ಣು, ಒಂದು ಕೈ ಹೋಗುವುದು ಯಾವ ಪುಟದಲ್ಲಿ ಎಂಬ ಪ್ರಶ್ನೆ ಹಿಂದೆ ಕೂತು ಕೊರೆಯುತ್ತಿರುತ್ತದೆ.

ಈ ಭಾಗದಲ್ಲಿ ಕಲಿಯಲು ಬೇಕಾದದ್ದು ನೂರು ಮಂದಿಯನ್ನು ಒಬ್ಬನೇ ಎದುರಿಸಿದ ಕಾಳಗವಲ್ಲ. ಅಡೋನಿಸ್‌ನ ಸಾವು. ಗ್ರಿಫಿತ್‌ನ ಮಾತಿನಂತೆ ಗಟ್ಸ್ ಜೂಲಿಯಸ್ ಎಂಬ ಸರದಾರನನ್ನು ಕೊಲ್ಲಲು ಕೋಣೆಗೆ ನುಗ್ಗುತ್ತಾನೆ. ಕೆಲಸ ಮುಗಿಯುತ್ತದೆ. ಬಾಗಿಲ ಬಳಿ ಯಾರೋ ಇದ್ದಂತಾಗಿ, ಯೋಚನೆಗೆ ಮೊದಲೇ ಕತ್ತಿ ಹೋಗಿ ನಾಟುತ್ತದೆ. ನಾಟಿದ್ದು ಜೂಲಿಯಸ್‌ನ ಮಗ, ಚಿಕ್ಕ ಹುಡುಗ ಅಡೋನಿಸ್‌ಗೆ. ಹುಡುಗ ಕೈ ಚಾಚುತ್ತಾನೆ, ಗಟ್ಸ್ ಆ ಕೈ ಹಿಡಿದುಕೊಳ್ಳುತ್ತಾನೆ. ಸ್ವಲ್ಪ ಮೊದಲು ಇದೇ ಹುಡುಗ ಕತ್ತಿ ಅಭ್ಯಾಸದಲ್ಲಿ ಅಪ್ಪನಿಂದ ಬೈಸಿಕೊಂಡದ್ದನ್ನು ಮಿಯುರಾ ತೋರಿಸಿದ್ದಾರೆ. ತನಗಿಂತ ದೊಡ್ಡ ಕತ್ತಿ ಹಿಡಿದು ಗ್ಯಾಂಬಿನೊನ ಕೈಯಲ್ಲಿ ಏಟು ತಿಂದ ಮಗು ಗಟ್ಸ್. ಹೋಲಿಕೆಯನ್ನು ಯಾವ ಮಾತಿನ ಬಲೂನಿನಲ್ಲೂ ಬರೆದಿಲ್ಲ. ಚರಂಡಿಯಲ್ಲಿ ಈಜಿ, ಗಾಯಗೊಂಡು ಅವನು ಗ್ರಿಫಿತ್‌ನನ್ನು ಹುಡುಕಿ ಬಂದರೆ ಅಲ್ಲಿ ಆತ ರಾಜಕುಮಾರಿಗೆ ಹೇಳುತ್ತಿದ್ದಾನೆ: ಸ್ವಂತ ಕನಸಿಲ್ಲದೆ ನನ್ನ ಕನಸನ್ನೇ ಹಿಂಬಾಲಿಸುವವರು ನನಗೆ ಗೆಳೆಯರಲ್ಲ ಎನ್ನುವ ಅರ್ಥದ ಮಾತು. ಆ ಮಾತಿಗೆ ಗಟ್ಸ್ ದಂಡು ಬಿಡುತ್ತಾನೆ, ಅವನು ಬಿಟ್ಟದ್ದಕ್ಕೆ ಗ್ರಿಫಿತ್ ಕೆಡುತ್ತಾನೆ, ಅದರಿಂದ ಎಲ್ಲರ ಸರ್ವನಾಶ. ಅಡೋನಿಸ್‌ನ ಕೊಲೆಗೆ ಕೋರ್ಟು ಕಚೇರಿಯ ಶಿಕ್ಷೆ ಇಲ್ಲ, ಆದರೆ ಕತೆಯ ಅಷ್ಟೂ ಗಾಲಿಗಳು ಆ ರಾತ್ರಿಯಿಂದಲೇ ಉರುಳುತ್ತವೆ.

ಇದನ್ನು ನಿಮ್ಮ ಸ್ಕ್ರಿಪ್ಟಿಗೆ ತರಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಏಟು, ಕಂಡವರು, ಉಳಿದದ್ದು. ನಾಯಕ ಮಾಡಿದ ಪ್ರತಿ ಹಿಂಸೆಯನ್ನೂ ತುಂಬಿ. 20 ಪುಟದ ಅಧ್ಯಾಯದಲ್ಲಿ ಹೊಡೆದಾಟ ಆರು ಪುಟ ಹಿಡಿದರೆ ಮೂರನೇ ಕಾಲಂಗೆ ಕನಿಷ್ಠ ಎರಡು ಪುಟ ಸಿಗಲಿ. ಅದೂ ಮಾತಿಲ್ಲದ ಎರಡು ಪುಟ. ಮೂರನೇ ಕಾಲಂ ಖಾಲಿ ಉಳಿದ ಏಟು ಅಲಂಕಾರ, ಕತ್ತರಿಸಿ ಹಾಕಿ. ಹೆಚ್ಚಿನವರು ಎಡವುವುದು ಎರಡನೇ ಕಾಲಂನಲ್ಲಿ. ಅಲ್ಲಿ ‘ಜನರು’ ಎಂದು ಬರೆದುಬಿಡುತ್ತಾರೆ. ಜನರು ಸಾಕ್ಷಿಯಲ್ಲ. ಹೆಸರು, ವಯಸ್ಸು, ನಿಂತ ಜಾಗ ಇರುವ ಒಬ್ಬರು ಬೇಕು.

ಈಗ ಕತ್ತಿ. ಅನುಕರಿಸುವವರು ಮೊದಲು ಕದಿಯುವುದು ಇದನ್ನೇ, ಕೆಡಿಸುವುದೂ ಇದನ್ನೇ. ‘ಡ್ರ್ಯಾಗನ್ ಸ್ಲೇಯರ್’ ಗೋಡೊ ಎಂಬ ಕಮ್ಮಾರ ಬಡಿದದ್ದು, ಆಳೆತ್ತರವನ್ನೂ ಮೀರಿದ್ದು. ಚಿತ್ರ ನೋಡಿ ಅಲಗಿಗೆ 170 ಸೆಂ.ಮೀ. ಉದ್ದ, 25 ಅಗಲ, 3 ದಪ್ಪ ಎಂದು ಅಂದಾಜು ಹಾಕಿ. ಉಕ್ಕು ಘನ ಸೆಂಟಿಮೀಟರಿಗೆ 7.85 ಗ್ರಾಂ ತೂಗುತ್ತದೆ, ಅಂದರೆ ಒಟ್ಟು ನೂರು ಕಿಲೋ. ಅಂಚಿನತ್ತ ಸಪೂರವಾಗುವುದನ್ನು ಕಳೆದರೂ ಒಬ್ಬ ಆಳಿನ ತೂಕ. ಇಷ್ಟು ತೂಕವನ್ನು ಮಣಿಕಟ್ಟಿನಿಂದ ಬೀಸಿದಂತೆ ಬರೆದರೆ ಅದು ಥರ್ಮೊಕೋಲ್ ಕತ್ತಿ. ಬೀಸು ಹಿಮ್ಮಡಿಯಿಂದ ಏಳಬೇಕು, ಸೊಂಟ ಮೊದಲು ತಿರುಗಬೇಕು, ಹೆಗಲು ಆಮೇಲೆ, ಕತ್ತಿ ಎಲ್ಲಕ್ಕಿಂತ ಕೊನೆಗೆ. ದೇಹ ಕತ್ತಿಯ ವಿರುದ್ಧ ದಿಕ್ಕಿಗೆ ವಾಲಬೇಕು. ಅಲಗು ತಾಗುವ ಕ್ಷಣಕ್ಕಿಂತ ಅದು ದಾಟಿಹೋದ ಮರುಕ್ಷಣ ಬರೆದರೆ ಭಾರ ಹೆಚ್ಚು ಕಾಣುತ್ತದೆ. ತುದಿ ಚೌಕಟ್ಟು ಮೀರಿ ಹೊರಗೆ ಹೋಗಲಿ.

ಕಬ್ಬಿಣದ ಕೈ ಪೂರಾ ಕಲ್ಪನೆಯೇನಲ್ಲ. 1504ರಲ್ಲಿ ಲಾಂಡ್ಸ್‌ಹುಟ್ ಬಳಿ ಬಲಗೈ ಕಳೆದುಕೊಂಡ ಜರ್ಮನ್ ಯೋಧ ಗೋಟ್ಸ್ ಫಾನ್ ಬರ್ಲಿಖಿಂಗನ್ ಬೆರಳು ಮಡಚುವ ಕಬ್ಬಿಣದ ಕೈ ಹಾಕಿಸಿಕೊಂಡೇ ಕಾದಾಡಿದ್ದ. ಗಟ್ಸ್‌ನ ಎಡಗೈಯೊಳಗೆ ಫಿರಂಗಿ ಇದೆ, ಆದರೆ ಒಂದು ಸಲ ಹಾರಿಸಿದರೆ ಮತ್ತೆ ಮದ್ದು ತುಂಬಬೇಕು. ಈ ಒಂದು ಮಿತಿಯಿಂದಲೇ ಅದು ಆಯುಧ. ಲೆಕ್ಕವಿಲ್ಲದೆ ಹಾರಿಸಬಹುದಾಗಿದ್ದರೆ ಆಟಿಕೆ.

ಗೆರೆಯ ವಿಷಯವೂ ಸ್ವಲ್ಪ. ಮಾಂಗಾದ ಮೂಲಪ್ರತಿ ಸಾಮಾನ್ಯವಾಗಿ 257×364 ಮಿ.ಮೀ. ಹಾಳೆಯಲ್ಲಿ, ಒಳಚೌಕಟ್ಟು 180×270. ಪತ್ರಿಕೆಯ ಪುಟಕ್ಕೆ ಸುಮಾರು 83%ಕ್ಕೆ ಇಳಿಯುತ್ತದೆ, ಚಿಕ್ಕ ಆಕಾರದ ಪುಸ್ತಕಕ್ಕೆ 60%ಕ್ಕಿಂತಲೂ ಕೆಳಗೆ. ರಕ್ತ, ರಾತ್ರಿ, ಕಪ್ಪು ನಿಲುವಂಗಿ ಎಲ್ಲವನ್ನೂ ಮಿಯುರಾ ರೀತಿ ಗೆರೆ ಮೇಲೆ ಗೆರೆ ಎಳೆದು ತುಂಬಲು ಹೋಗಿ ಗೆರೆಗಳ ನಡುವೆ ಅರ್ಧ ಮಿ.ಮೀ. ಕೂಡ ಬಿಡದಿದ್ದರೆ ಅಚ್ಚಿನಲ್ಲಿ ಮಸಿ ಕಟ್ಟಿಕೊಂಡು ಎಲ್ಲವೂ ಒಂದೇ ಕಪ್ಪು ಮುದ್ದೆ. ನಿಲುವಂಗಿಗೆ ಗಟ್ಟಿ ಕಪ್ಪು, ಗಾಯಕ್ಕೆ ಗೆರೆ ಎಂದು ಪಾಲು ಮಾಡಿಕೊಳ್ಳಿ.

ಮತ್ತೆ ಪಾತ್ರಕ್ಕೆ ಬಂದರೆ, ತಿರುವು ಯಾವಾಗ? ಒಳ್ಳೆಯವನಾದ ದಿನ ಅಂತೊಂದು ಇಲ್ಲ. ಹದಿನಾಲ್ಕರಿಂದ ಹದಿನಾರನೇ ಸಂಪುಟದಲ್ಲಿ ಗಟ್ಸ್ ಕೊಂದ ಕೀಟರೂಪಿ ಎಲ್ಫ್‌ಗಳು ಸತ್ತೊಡನೆ ಮಕ್ಕಳ ಹೆಣಗಳಾಗಿ ಬೀಳುತ್ತವೆ. ನೋಡಿದವರಿಗೆ ಅವನು ಮಕ್ಕಳ ಕೊಲೆಗಾರ. ಜಿಲ್ ಎಂಬ ಹುಡುಗಿ ತನ್ನನ್ನೂ ಕರೆದುಕೊಂಡು ಹೋಗು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ, ಅವಳು ಕುಡುಕ ತಂದೆಯ ಮನೆಗೇ ಮರಳುತ್ತಾಳೆ. ಅಲ್ಲಿಂದ ಗಟ್ಸ್ ಗೋಡೊನ ಮನೆಗೆ ಹೋದಾಗ ಮುದುಕ ಮುಖದ ಮೇಲೆ ಹೊಡೆದಂತೆ ಹೇಳುತ್ತಾನೆ: ಸೇಡು ಅಂದುಕೊಂಡು ನೀನು ಓಡಿದ್ದು ದುಃಖದಿಂದ, ಕಾಸ್ಕಾಳನ್ನು ಇಲ್ಲಿ ಬಿಟ್ಟು. ಕಾಸ್ಕಾ ಗಿಡುಗದ ದಂಡಿನ ಒಡನಾಡಿ, ಗಟ್ಸ್‌ನ ಪ್ರೇಯಸಿ. ಬುದ್ಧಿ ಕೆಟ್ಟ ಸ್ಥಿತಿಯಲ್ಲಿದ್ದ ಅವಳನ್ನು ಎರಡು ವರ್ಷ ಬಿಟ್ಟು ಹೋದದ್ದು ಅವನು ಮಾಡಿದ ಕೊಲೆಗಳಿಗಿಂತ ದೊಡ್ಡ ತಪ್ಪಾಗಿ ಆ ಪುಟದಲ್ಲಿ ಕಾಣುತ್ತದೆ. ತಿರುವು ಅಂದರೆ ಇಷ್ಟೇ, ಕೊಲ್ಲುವವನಿಗೆ ಕಾಯುವ ಕೆಲಸ ಬಿತ್ತು. ಹಿಂಸೆ ಕಡಿಮೆಯಾಗಲಿಲ್ಲ.

ಅದಕ್ಕೆ ಬೆಲೆಯೂ ಹೆಚ್ಚಿತು. ಇಪ್ಪತ್ತಾರನೇ ಸಂಪುಟದಲ್ಲಿ ಬರುವ ಬರ್ಸರ್ಕರ್ ಕವಚ ನೋವು ತಿಳಿಯದಂತೆ ಮಾಡುತ್ತದೆ, ಮುರಿದ ಮೂಳೆಗೆ ಒಳಗಿಂದಲೇ ಮುಳ್ಳು ಚುಚ್ಚಿ ನಿಲ್ಲಿಸುತ್ತದೆ. ತೊಟ್ಟಷ್ಟೂ ನಾಲಿಗೆಯ ರುಚಿ ಹೋಗುತ್ತದೆ, ಬಣ್ಣ ಮಸುಕಾಗುತ್ತದೆ, ಮುಂದಲೆಯ ಒಂದು ಎಸಳು ಕೂದಲು ಬೆಳ್ಳಗಾಗುತ್ತದೆ. ಇಂಥ ಗುರುತನ್ನು ನಿಮ್ಮ ನಾಯಕನಿಗೆ ಕೊಟ್ಟರೆ ಎಷ್ಟನೇ ಪುಟದಿಂದ ಎಂದು ಬರೆದು ಮೇಜಿನ ಎದುರು ಅಂಟಿಸಿ. ಅಲ್ಲಿಂದ ಮುಂದೆ ಪ್ರತಿ ಪ್ಯಾನೆಲ್ಲಿನಲ್ಲೂ ಅದು ಇರಬೇಕು. ಮಸಿ ತುಂಬುವವರು ಅವಸರದಲ್ಲಿ ಆ ಎಸಳನ್ನೂ ಕಪ್ಪು ಮಾಡಿಬಿಡುತ್ತಾರೆ.