ಅಗಲ ಟೈರ್ ಹಾಕಿಸಿದರೆ ಮಳೆಯಲ್ಲಿ ಗಾಡಿ ಜಾರಲ್ವಾ?

ಪ್ರಶ್ನೆ: ಸರ್, ದಿನಾ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಕಾರಲ್ಲಿ ಡ್ಯೂಟಿಗೆ ಹೋಗಿಬರ್ತೀನಿ. ಈಗ 185/65 ಆರ್15 ಟೈರ್ ಇವೆ, ಸವೆದಿವೆ. ಮಳೆಗೂ ಚಳಿಗೂ ಆಗೋ ಹಾಗೆ ಅಗಲದ ಆಲ್ ಸೀಸನ್ ಪರ್ಫಾರ್ಮೆನ್ಸ್ ಟೈರ್ ಹಾಕಿಸ್ಲಾ? 205 ಹಾಕಿದರೆ ಹಿಡಿತ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ.

ಮಿರಗದ ಮಳೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೋದ ವರ್ಷ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಟೈರಿನ ನಂಬರ್ ಮಾತ್ರ ಬೇರೆ ಇರುತ್ತದೆ. ಅವಸರ ಇದ್ದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ. ಅದೇ 185ರಲ್ಲಿ ಒಳ್ಳೆಯ ಟೈರ್ ತೆಗೆದುಕೊಳ್ಳಿ. (185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಆ ಅಗಲದ ನೂರಕ್ಕೆ 65ರಷ್ಟು. 15 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ.) ಉಳಿದ ದುಡ್ಡಿನಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ.

ಚಳಿಯ ಮಾತು ಬೇಗ ಮುಗಿಸೋಣ. ಬೇಸಿಗೆ ಟೈರು, ಚಳಿಗಾಲದ ಟೈರು, ಆಲ್ ಸೀಸನ್ ಟೈರು ಅನ್ನುವ ಲೆಕ್ಕವೆಲ್ಲ ಹಿಮ ಬೀಳುವ ದೇಶಗಳದು. ಹೊರಗೆ ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಅದಕ್ಕೆ ಅಲ್ಲಿ ಆ ಪಾಡು. ಧಾರವಾಡದಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವ ನೀವು ಮಂಕಿ ಟೋಪಿ ಹಾಕಿಕೊಳ್ಳುತ್ತೀರಿ, ನಿಜ. ಆದರೆ 7 ಡಿಗ್ರಿಗೆ ಇಳಿಯುವುದು ಅಪರೂಪ. ನಿಮಗೆ ಚಳಿಯಾಗುತ್ತದೆ, ಟೈರಿಗೆ ಆಗುವುದಿಲ್ಲ. ಹಾಗಾಗಿ ಆಲ್ ಸೀಸನ್ ಅನ್ನೋ ಹೆಸರಿಗೆ ನಮ್ಮ ಊರಲ್ಲಿ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಈಗ ಅಗಲದ ಮಾತು. ಇದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡಿದ್ದೇನೆ. ಹುಡುಗರಿಗೆ ಒಂದೇ ತಾಸಿನಲ್ಲಿ ತಿಳಿಯುತ್ತಿದ್ದದ್ದು ಚಹಾ ಅಂಗಡಿಯಲ್ಲಿ ಮಾತ್ರ ತಿಳಿಸಲಿಕ್ಕೆ ಆಗಿಲ್ಲ. ನವಲಗುಂದ ಕಡೆಯ ರೈತರೊಬ್ಬರು ನನ್ನ ಮುಂದೆ ಕುಳಿತು ಹೇಳಿದ್ದು ಇನ್ನೂ ನೆನಪಿದೆ: "ಏನ್ ಸರ ನೀವು, ಟ್ರ್ಯಾಕ್ಟರಿನ ಹಿಂದಿನ ಗಾಲಿ ಎಷ್ಟ ಅಗಲ ಐತಿ ನೋಡ್ರಿ. ಎರಿ ಹೊಲದಾಗ ಸೈತ ಸಿಕ್ಕೊಳ್ಳಂಗಿಲ್ಲ. ಅಗಲ ಇದ್ದಷ್ಟೂ ಹಿಡಿತ ರೀ." ಸುತ್ತ ಕುಳಿತವರೆಲ್ಲ ತಲೆ ಆಡಿಸಿದರು. ನಾನು ಚಹಾ ಕುಡಿದು ಎದ್ದು ಬಂದೆ. ಆ ಉತ್ತರ ಇವತ್ತು ಇಲ್ಲಿ ಕೊಡುತ್ತೇನೆ.

ಟ್ರ್ಯಾಕ್ಟರ್ ಟೈರು ಅಗಲ ಇರುವುದು, ಅದರಲ್ಲಿ ಹವಾ ಕಮ್ಮಿ ಇಡುವುದು ಹೊಲದಲ್ಲಿ ಹೂತುಹೋಗದೆ ಮೇಲೆ ನಿಲ್ಲಲಿ ಅಂತ. ಎರೆ ಮಣ್ಣು ನೆನೆದರೆ ಕೆಳಗೆ ಎಲ್ಲಿಯವರೆಗೂ ಮೆತ್ತಗೇ ಇರುತ್ತದೆ. ಅಲ್ಲಿ ಕೆಳಗೆ ಇಳಿದು ಏನೂ ಸಿಗುವುದಿಲ್ಲ. ಟಾರ್ ರಸ್ತೆ ಹಾಗಲ್ಲ. ಮೇಲೆ ಎರಡು ಮೂರು ಮಿಲಿಮೀಟರ್ ನೀರು, ಅದರ ಕೆಳಗೆ ಗಟ್ಟಿ ನೆಲ. ನಿಮಗೆ ಬೇಕಾದ ಹಿಡಿತ ಆ ಗಟ್ಟಿ ನೆಲದಲ್ಲಿದೆ. ಹೊಲದಲ್ಲಿ ತೇಲಬೇಕು, ರಸ್ತೆಯಲ್ಲಿ ಮುಳುಗಬೇಕು. ಒಂದೇ ಅಗಲ ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ. ಇಷ್ಟೇ ರೀ.

ಅನುಮಾನ ಇದ್ದರೆ ಬಕೆಟ್ ತುಂಬ ನೀರು ತೆಗೆದುಕೊಳ್ಳಿ. ಅಂಗೈ ಅಗಲಿಸಿ ಜೋರಾಗಿ ಹೊಡೆಯಿರಿ. ನೀರು ಕೈ ತಡೆಯುತ್ತದೆ, ಉರಿ ಹತ್ತುತ್ತದೆ. ಈಗ ಅದೇ ಕೈಯನ್ನು ಅಂಚಿನ ಮೇಲೆ ಹಿಡಿದು ಅಷ್ಟೇ ಜೋರಾಗಿ ಹೊಡೆಯಿರಿ. ಸೀಳಿಕೊಂಡು ಒಳಗೆ ಹೋಗುತ್ತದೆ. ಕೈಯೂ ಅದೇ, ಜೋರೂ ಅದೇ.

"ಆದರೆ ಅಗಲ ಟೈರಿದ್ದರೆ ಜಾಸ್ತಿ ರಬ್ಬರ್ ನೆಲಕ್ಕೆ ತಾಗುತ್ತದಲ್ವಾ?" ಎಲ್ಲರೂ ಎಡವುವುದು ಇಲ್ಲೇ. ಪೆನ್ನು ತೆಗೆದುಕೊಳ್ಳಿ. ಕಾರು, ನೀವು, ಜೊತೆಗೆ ಬರುವ ಇಬ್ಬರು, ಊಟದ ಡಬ್ಬಿ ಎಲ್ಲ ಸೇರಿ 1,200 ಕಿಲೊ ಅಂತಿಟ್ಟುಕೊಳ್ಳೋಣ. ಒಂದೊಂದು ಗಾಲಿಗೆ 300 ಕಿಲೊ. ಟೈರಿನಲ್ಲಿ 32 ಪಿಎಸ್‌ಐ ಹವಾ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೊ ಒತ್ತಡ. 300ನ್ನು 2.25ರಿಂದ ಭಾಗಿಸಿ. 133 ಚದರ ಸೆಂಟಿಮೀಟರ್ ಬಂತು. ಬೆರಳು ಸೇರಿಸಿದ ಒಂದು ಅಂಗೈಯಷ್ಟು ಜಾಗ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿ ಬಂತು? ಎಲ್ಲೂ ಬರಲಿಲ್ಲ. ಟೈರಿನ ಪಕ್ಕದ ಗೋಡೆಯ ಬಿಗಿಯಿಂದ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಆದರೆ ಮೂಲ ಲೆಕ್ಕ ಇದೇ. ಅಗಲ ಟೈರ್ ಹಾಕಿದರೆ ಆ ಅಂಗೈಯಷ್ಟು ಜಾಗ ಅಡ್ಡಡ್ಡ ಹರಡಿಕೊಂಡು ಉದ್ದದಲ್ಲಿ ಗಿಡ್ಡವಾಗುತ್ತದೆ. ನೀರಿನಲ್ಲಿ ಅದೇ ಕೆಟ್ಟದ್ದು. ಎದುರಿನಿಂದ ಜಾಸ್ತಿ ನೀರು ಬರುತ್ತದೆ, ಅದನ್ನು ಆಚೆ ದಬ್ಬಲು ಇರುವ ಉದ್ದ ಕಮ್ಮಿಯಾಗಿರುತ್ತದೆ.

ಎಷ್ಟು ನೀರು? 14 ಸೆಂಟಿಮೀಟರ್ ಅಗಲ ನೆಲಕ್ಕೆ ತಾಗುವ ಟೈರು, 3 ಮಿಲಿಮೀಟರ್ ನೀರು, 80 ಕಿಲೊಮೀಟರ್ ವೇಗ. ಒಂದೇ ಟೈರು ಸೆಕೆಂಡಿಗೆ 9 ಲೀಟರಿಗಿಂತ ಜಾಸ್ತಿ ನೀರು ಸರಿಸಬೇಕು. ತಾಗುವ ಅಗಲ 16 ಸೆಂಟಿಮೀಟರ್ ಆದರೆ ಹತ್ತೂವರೆ ಲೀಟರ್ ದಾಟುತ್ತದೆ. ನಳದ ನೀರಿಗೆ ದಿನ ಎಣಿಸುವ ಊರಿನವರಿಗೆ ಇದು ಎಷ್ಟು ನೀರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೀರು ಹೋಗುವುದು ಟೈರಿನ ಮೇಲಿರುವ ಗೀರುಗಳ ಮೂಲಕ. ಅವು ಅಂದಕ್ಕೆ ಕೊರೆದ ನಕ್ಷೆ ಅಲ್ಲ, ಕಾಲುವೆ. ರೇಸ್ ಕಾರು ನೋಡಿ ಅಗಲ ಟೈರಿನ ಆಸೆ ಪಟ್ಟವರು ಒಂದು ವಿಷಯ ಗಮನಿಸಿರುವುದಿಲ್ಲ. ಒಣ ರಸ್ತೆಯಲ್ಲಿ ಅವರು ಗೀರೇ ಇಲ್ಲದ ಟೈರ್ ಹಾಕುತ್ತಾರೆ. ಮಳೆ ಬಂದ ಕೂಡಲೇ ಅದನ್ನು ಬಿಚ್ಚಿ ಆಳದ ಗೀರಿರುವ ಟೈರ್ ಹಾಕುತ್ತಾರೆ. ಅಷ್ಟು ಅಗಲ ಇದ್ದೂ ಗೀರಿಲ್ಲದೆ ಅವರಿಗೇ ಆಗಲಿಲ್ಲ.

ಹೊಸ ಟೈರಿನಲ್ಲಿ ಗೀರಿನ ಆಳ ಸುಮಾರು 8 ಮಿಲಿಮೀಟರ್. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಟೈರು ಸವೆದು ಆ ಉಬ್ಬಿಗೆ ಸಮ ಬಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ಕಾನೂನು ಅಲ್ಲಿಯವರೆಗೂ ಸುಮ್ಮನಿರುತ್ತದೆ, ಮಳೆ ಇರುವುದಿಲ್ಲ. ನನ್ನ ಮಟ್ಟಿಗೆ 3 ಮಿಲಿಮೀಟರಿಗೆ ಬಂತು ಅಂದರೆ ಮಳೆಗಾಲಕ್ಕೆ ಆ ಟೈರ್ ಮುಗೀತು. ಅಳೆಯಲು ಯಂತ್ರ ಬೇಡ. ಬೆಂಕಿಕಡ್ಡಿಯನ್ನು ಗೀರಿನಲ್ಲಿ ನಿಲ್ಲಿಸಿ, ಉಗುರಿನಿಂದ ಗುರುತು ಮಾಡಿ, ಮಗನ ಕಂಪಾಸ್ ಬಾಕ್ಸಿನ ಸ್ಕೇಲ್ ಮೇಲಿಟ್ಟು ನೋಡಿ.

ನಾನು ಇದನ್ನೆಲ್ಲ ಪುಸ್ತಕದಿಂದ ಮಾತ್ರ ಕಲಿತೆ ಅಂದರೆ ಸುಳ್ಳಾಗುತ್ತದೆ. ವಯಸ್ಸಿದ್ದಾಗ ನನ್ನ ಸಣ್ಣ ಕಾರಿಗೆ ಎರಡು ಸೈಜ್ ಅಗಲದ ಅರ್ಧ ಸವೆದ ಟೈರ್ ಹಾಕಿಸಿದ್ದೆ. ನೋಡಲು ಭಾರಿ ಇತ್ತು. ಗದಗ ರಸ್ತೆಯಲ್ಲಿ ಅಣ್ಣಿಗೇರಿ ದಾಟಿದ ಮೇಲೆ, ಹೊಲದಿಂದ ಬಂದ ಟ್ರ್ಯಾಕ್ಟರುಗಳು ರಸ್ತೆ ತುಂಬ ಎರೆ ಮಣ್ಣು ಮೆತ್ತಿದ್ದವು. ಮೇಲೆ ಜಿಟಿಜಿಟಿ ಮಳೆ. ಆ ಮಣ್ಣು ಗೀರುಗಳಲ್ಲಿ ತುಂಬಿಕೊಂಡರೆ ಟೈರು ಬೋಳಾದ ಹಾಗೇ. ಸ್ಟೇರಿಂಗ್ ಹಗುರವಾಯಿತು, ಬೆಣ್ಣೆಯಲ್ಲಿ ತಿರುಗಿಸಿದ ಹಾಗೆ. ಕಾರು ಸೀದಾ ಹೋಗಿ ಹೊಲದ ಬದುವಿಗೆ ನಿಂತಿತು. ಚಕ್ಕಡಿಯಲ್ಲಿ ಬರುತ್ತಿದ್ದ ಇಬ್ಬರು ಇಳಿದು ತಳ್ಳಿಕೊಟ್ಟರು. ಮಾಸ್ತರ್ ಅಂತ ನಾನು ಹೇಳಲಿಲ್ಲ.

ಹವಾ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಹವಾ ಸ್ವಲ್ಪ ಇಳಿಸಿದರೆ ಹಿಡಿತ ಬರುತ್ತದೆ ಅನ್ನುವವರಿದ್ದಾರೆ. ಇದು ಮೊದಲಿನ ಸುಳ್ಳಿನ ತಮ್ಮ. ಅಮೆರಿಕದ ನಾಸಾದಲ್ಲಿ ವಾಲ್ಟರ್ ಹೋರ್ನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ವಿಮಾನದ ಗಾಲಿಗಳು ನೀರಿನ ಮೇಲೆ ತೇಲುವುದನ್ನು ಅಳೆದು ಒಂದು ಸೂತ್ರ ಕೊಟ್ಟರು. ರಸ್ತೆಯ ನೀರು ಗೀರಿಗಿಂತ ಆಳ ಇದ್ದರೆ, 32 ಪಿಎಸ್‌ಐ ಇರುವ ಟೈರು ಸುಮಾರು 94 ಕಿಲೊಮೀಟರ್ ವೇಗದಲ್ಲಿ ತೇಲಲು ಶುರು ಮಾಡುತ್ತದೆ. 25ಕ್ಕೆ ಇಳಿಸಿದರೆ 83ರಲ್ಲೇ. ಆ ಸೂತ್ರದಲ್ಲಿ ಅಗಲ ಇಲ್ಲವಲ್ಲ ಅಂತ ಚುರುಕು ಹುಡುಗರು ಕೇಳುತ್ತಾರೆ. ಭೇಷ್. ನೆಲಕ್ಕೆ ತಾಗುವ ಜಾಗದ ಆಕಾರವೂ ಲೆಕ್ಕಕ್ಕೆ ಬರುತ್ತದೆ ಅಂತ ಮುಂದಿನ ಅಧ್ಯಯನಗಳು ಸೇರಿಸಿದವು. ಬೈಪಾಸಿನಲ್ಲಿ ಸಾರಿಗೆ ಬಸ್ಸು ನೀರು ಚಿಮ್ಮಿಸುತ್ತ ನಿಮ್ಮನ್ನು ದಾಟಿಹೋಗುತ್ತದಲ್ಲ, ಅದರ ಟೈರಿನಲ್ಲಿ 100 ಪಿಎಸ್‌ಐ ಆಸುಪಾಸು ಹವಾ ಇರುತ್ತದೆ, ಅದು ನಿಮ್ಮಷ್ಟು ಬೇಗ ತೇಲುವುದಿಲ್ಲ. ಅದರ ಜೊತೆ ಪೈಪೋಟಿ ಬೇಡ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಕಂಪನಿಯವರು ಬರೆದಿದ್ದೇ ನಿಮ್ಮ ಹವಾ.

ಅಗಲ ಟೈರು ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಒಣ ರಸ್ತೆಯ ತಿರುವಿನಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಒಳ್ಳೆಯ ರಬ್ಬರಿನ ಅಗಲ ಟೈರು, ಕಳಪೆ ರಬ್ಬರಿನ ಸಪೂರ ಟೈರಿಗಿಂತ ಮಳೆಯಲ್ಲೂ ಮೇಲು. ಆಸೆ ತಡೆಯದಿದ್ದರೆ ನಿಮ್ಮದೇ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಸೈಜ್ ನೋಡಿ, ಅದನ್ನು ದಾಟಬೇಡಿ. 185/65 ಆರ್15 ಬದಲು 195/55 ಆರ್16 ಹಾಕಿದರೆ ಗಾಲಿಯ ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದರೆ ರಿಮ್ಮೂ ಬದಲಾಗಬೇಕು. ಪಕ್ಕದ ಗೋಡೆ 120 ಮಿಲಿಮೀಟರಿನಿಂದ 107ಕ್ಕೆ ಇಳಿಯುತ್ತದೆ. ನಮ್ಮ ಊರಿನ ಗುಂಡಿಗಳಿಗೆ ಆ 13 ಮಿಲಿಮೀಟರ್ ಬೇಕು. ಇಲ್ಲದಿದ್ದರೆ ಟೈರಿನ ಪಕ್ಕಕ್ಕೆ ಗುಳ್ಳೆ ಬರುತ್ತದೆ, ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ನಿಮ್ಮ ಈಗಿನ ಟೈರಿನ ಮೇಲೆ ಸೈಜ್ ಪಕ್ಕದ 88 ಅನ್ನೋ ಅಂಕಿ ಹೊರುವ ಭಾರದ್ದು, ಒಂದು ಟೈರಿಗೆ 560 ಕಿಲೊ. ಅದಕ್ಕಿಂತ ಕಮ್ಮಿಯದು ಬೇಡವೇ ಬೇಡ. ತಯಾರಾದ ತಾರೀಖನ್ನೂ ಓದಿ. ನಾಲ್ಕಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ.

ಇನ್ನೊಂದು ಇದೆ, ನೀವು ಕೇಳಲಿಲ್ಲ. ದುಡ್ಡು ಸಾಲದೆ ಎರಡೇ ಟೈರ್ ಹಾಕಿಸುವವರು ಜಾಸ್ತಿ. ಆ ಹೊಸ ಎರಡು ಎಲ್ಲಿ ಹಾಕಬೇಕು? ಅಂಗಡಿಯಲ್ಲಿ ಸೀದಾ ಮುಂದೆ ಹಾಕುತ್ತಾರೆ. "ಎಂಜಿನ್ ಮುಂದ ಐತಲ್ರೀ ಸರ, ಎಳಿಯೂದ ಅವೇ." ಮಾತು ನಿಜ, ಆದರೂ ಹಿಂದೆ ಹಾಕಬೇಕು. ಮುಂದಿನ ಗಾಲಿ ನೀರಿನ ಮೇಲೆ ತೇಲಿದರೆ ಕಾರು ಸೀದಾ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ವೇಗ ಇಳಿದು ಹಿಡಿತ ಮತ್ತೆ ಸಿಗುವ ಸಾಧ್ಯತೆ ಇದೆ. ಹಿಂದಿನ ಗಾಲಿ ತೇಲಿದರೆ ಕಾರಿನ ಬಾಲ ಗಿರ್ರನೆ ತಿರುಗುತ್ತದೆ. ಅದನ್ನು ಹಿಡಿಯುವ ಕೈಚಳಕ ನನಗಿಲ್ಲ, ನಿಮಗೂ ಇರಲಿಕ್ಕಿಲ್ಲ. ಆರಬೈಲು ಘಾಟಿನ ತಿರುವಿನಲ್ಲಿ ಹೀಗಾದರೆ ಏನು ಗತಿ ಯೋಚಿಸಿ.

ಹೋದ ತಿಂಗಳು ಇದೇ ವಿಷಯಕ್ಕೆ ಅಂಗಡಿಯ ಹುಡುಗನ ಜೊತೆ ಹತ್ತು ನಿಮಿಷ ವಾದ ಮಾಡಿದೆ. ಬಕೆಟ್ ತರಿಸಿ ಅಂಗೈ ಹೊಡೆದು ತೋರಿಸಿದೆ. ಕೊನೆಗೆ ಅವನು ನಕ್ಕು, ಹೊಸ ಎರಡನ್ನೂ ಹಿಂದೆ ಹಾಕಿದ. ಆಮೇಲೆ ಡಿಕ್ಕಿ ತೆಗೆದು, "ಸರ, ಸ್ಟೆಪ್ನಿ ಹವಾ ನೋಡ್ಲ್ಯಾ?" ಅಂದ. ನೋಡು ಅಂದೆ. ಗೇಜ್ ಹಚ್ಚಿದ, ನನ್ನ ಮುಖ ನೋಡಿದ, ಮತ್ತೆ ಗೇಜ್ ನೋಡಿದ. 11 ಪಿಎಸ್‌ಐ ಇತ್ತು.