ಮೂಟೆ ಲೆಕ್ಕದ ಊಟ: ನಮ್ಮ ಪೌಷ್ಟಿಕತೆ ಯೋಜನೆಗಳು ನಡೆದು ಬಂದ ದಾರಿ

ಇಲಿಗಳನ್ನು ತಕ್ಕಡಿಗೆ ಹಾಕಿ ನಮ್ಮ ಊಟಕ್ಕೆ ಅಂಕ ಕೊಟ್ಟ ಕಾಲವೊಂದಿತ್ತು. 1918ರಲ್ಲಿ ರಾಬರ್ಟ್ ಮ್ಯಾಕರಿಸನ್ ಎಂಬ ಬ್ರಿಟಿಷ್ ವೈದ್ಯರು ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಕೋಣೆ ಪಡೆದು ಬೆರಿಬೆರಿ ರೋಗದ ತನಿಖೆ ಶುರು ಮಾಡಿದರು. ಗಿರಣಿಯಲ್ಲಿ ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿ ಬದುಕುವವರಿಗೆ ಬರುವ ರೋಗ ಅದು. ತೌಡು ಹೋದರೆ ಅದರ ಜೊತೆ ಬಿ1 ಜೀವಸತ್ವವೂ ಹೋಗುತ್ತದೆ. ಆಮೇಲೆ ಮ್ಯಾಕರಿಸನ್ ದೇಶದ ಬೇರೆ ಬೇರೆ ಭಾಗದ ಜನ ಏನು ತಿನ್ನುತ್ತಾರೋ ಅದನ್ನೇ ಇಲಿಗಳ ಬೇರೆ ಬೇರೆ ಗುಂಪಿಗೆ ತಿನ್ನಿಸಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಇದ್ದ ಸಿಖ್ಖರ ಊಟದ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಅಕ್ಕಿಯೇ ಜಾಸ್ತಿ ಇದ್ದ ಮದ್ರಾಸ್ ಊಟದ ಇಲಿಗಳು 155 ಗ್ರಾಂ. ಕನ್ನಡಿಗರ ಊಟವೂ ಆ ಪಟ್ಟಿಯಲ್ಲಿತ್ತು, 185 ಗ್ರಾಂಗೆ ನಿಂತಿತು.

ಇಲಿಯ ತೂಕದಿಂದ ಮನುಷ್ಯರ ಊಟವನ್ನು ಅಳೆಯುವುದರಲ್ಲಿ ತಪ್ಪುಗಳಿರಬಹುದು. ಆದರೆ ಆ ಪ್ರಯೋಗ ಕೇಳಿದ ಪ್ರಶ್ನೆ ಸರಿಯಾಗಿತ್ತು. ಎಷ್ಟು ತಿಂದರು ಅನ್ನುವುದಕ್ಕಿಂತ ತಟ್ಟೆಯಲ್ಲಿ ಏನೇನಿತ್ತು ಅನ್ನುವುದನ್ನು ಅದು ನೋಡಿತು. ಮುಂದಿನ ನೂರು ವರ್ಷದಲ್ಲಿ ನಮ್ಮ ಯೋಜನೆಗಳು ಮತ್ತೆ ಮತ್ತೆ ಮರೆತದ್ದು ಇದೇ ಪ್ರಶ್ನೆಯನ್ನು.

ಮರೆಯಲು ಕಾರಣವೂ ಇತ್ತು ಅನ್ನಿ. 1943ರ ಬಂಗಾಳದ ಬರದಲ್ಲಿ ಲಕ್ಷಾಂತರ ಜನ ಸತ್ತರು. ಹಸಿದು ಸಾಯುವವರ ಮುಂದೆ ಬೇಳೆ, ಸೊಪ್ಪು, ಹಾಲಿನ ಮಾತಾಡುವವರು ಯಾರು? ಮೊದಲು ಧಾನ್ಯ ಬೇಕಿತ್ತು. ಜನರ ಪೌಷ್ಟಿಕತೆಯ ಮಟ್ಟ ಏರಿಸುವುದು ಸರ್ಕಾರದ ಮೊದಲ ಕರ್ತವ್ಯಗಳಲ್ಲೊಂದು ಎಂದು ಸಂವಿಧಾನದ 47ನೇ ವಿಧಿ ಹೇಳಿತು. ಕೈಯಲ್ಲಿ ಮಾತ್ರ ಧಾನ್ಯ ಇರಲಿಲ್ಲ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರುವುದನ್ನು ಕಾದು ಕೂತ ದೇಶ ನಮ್ಮದು. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು, ಹಿಂದೆಯೇ ಹಸಿರು ಕ್ರಾಂತಿ ಬಂತು. ಅಕ್ಕಿ, ಗೋಧಿಗೆ ಬೆಂಬಲ ಬೆಲೆ ಸಿಕ್ಕಿತು, ಕೊಳ್ಳುವವರು ಸಿಕ್ಕರು, ಇಡಲು ಗೋದಾಮು ಸಿಕ್ಕಿತು. ಬೇಳೆಕಾಳಿಗೂ ರಾಗಿ, ಜೋಳಕ್ಕೂ ಆ ಆಸರೆ ಅದೇ ಪ್ರಮಾಣದಲ್ಲಿ ಸಿಗಲಿಲ್ಲ.

ಆ ಕಾಲದ ಒಂದು ದೊಡ್ಡ ವಾದವನ್ನು ಇಲ್ಲಿ ನೆನೆಯಬೇಕು. 1960ರ ದಶಕದಲ್ಲಿ ಬಡದೇಶದ ಮಕ್ಕಳಿಗೆ ಪ್ರೋಟೀನ್ ಕೊರತೆಯೇ ಮೂಲ ರೋಗ ಎಂದು ಜಗತ್ತಿನ ತಜ್ಞರು ಹೇಳುತ್ತಿದ್ದರು. ನಮ್ಮ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟು ಸೇರಿಸಿ ಅಗ್ಗದ ಪ್ರೋಟೀನ್ ಆಹಾರವನ್ನೇ ತಯಾರಿಸಿತ್ತು. ಅಷ್ಟರಲ್ಲಿ ಕೂನೂರಿನ ಪ್ರಯೋಗಾಲಯ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಅದರ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು ಬೇರೆಯೇ ಮಾತು ಹೇಳಿದರು: ಮಕ್ಕಳು ಮನೆಯಲ್ಲಿ ಮಾಡುವ ಅನ್ನ, ಬೇಳೆಯನ್ನೇ ಹೊಟ್ಟೆ ತುಂಬ ತಿಂದರೆ ಪ್ರೋಟೀನ್ ಬಹುಮಟ್ಟಿಗೆ ಅದರಲ್ಲೇ ಸಿಗುತ್ತದೆ, ಕೊರತೆ ಇರುವುದು ಹೊಟ್ಟೆ ತುಂಬುವುದರಲ್ಲೇ. ದುಬಾರಿ ಪುಡಿಗಳ ವ್ಯಾಪಾರಕ್ಕೆ ಬೀಳದಂತೆ ದೇಶವನ್ನು ತಡೆದ ಮಾತು ಅದು. ಗೋಪಾಲನ್ ಅವರ ಬಗ್ಗೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ. ಆದರೆ ಆಡಳಿತದ ಕಿವಿಗೆ ಅದರ ಅರ್ಧ ಮಾತ್ರ ಬಿತ್ತು. 'ಅನ್ನ, ಬೇಳೆ' ಅಂದದ್ದರಲ್ಲಿ ಅನ್ನ ಉಳಿಯಿತು, ಬೇಳೆ ಜಾರಿತು.

ನಾವು ಗೆದ್ದ ಕಡೆಯೂ ಇದೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಗಳಗಂಡ, ಅಂದರೆ ಅಯೋಡಿನ್ ಸಾಲದೆ ಕತ್ತು ಊದುವ ರೋಗ, ಮನೆ ಮನೆಯಲ್ಲಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ತಂಡದವರು ಕಣಿವೆಯನ್ನು ಮೂರು ವಲಯ ಮಾಡಿದರು. ಎರಡು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಕಡೆ ಸಾದಾ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಮಕ್ಕಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಆದರೂ ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ ದೇಶವ್ಯಾಪಿ ನಿಷೇಧ ಬಂದದ್ದು 1990ರ ದಶಕದಲ್ಲಿ. 2000ದಲ್ಲಿ ಅದನ್ನು ತೆಗೆದರು, 2006ರಲ್ಲಿ ಮತ್ತೆ ತಂದರು. ಇಷ್ಟು ಸ್ಪಷ್ಟವಾದ ಸತ್ಯಕ್ಕೂ ನಮ್ಮಲ್ಲಿ ಇಷ್ಟು ವರ್ಷ ಹಿಡಿಯುತ್ತದೆ.

1970ರ ದಶಕದಲ್ಲಿ ಯೋಜನೆಗಳು ಒಂದರ ಹಿಂದೊಂದು ಬಂದವು. ಇರುಳುಗಣ್ಣಿಗೆ ವಿಟಮಿನ್ ಎ, 'ರಕ್ತ ಕಮ್ಮಿ' ಇರುವವರಿಗೆ ಕಬ್ಬಿಣಾಂಶದ ಮಾತ್ರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ, ಅಲ್ಲಿ 100 ಅಂಗನವಾಡಿಗಳು. ಇಂದು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಮಗುವಿನ ತೂಕ ನೋಡಿ ಚಾರ್ಟ್ ತುಂಬುವ, ಗರ್ಭಿಣಿಯ ಹೆಸರು ಬರೆದುಕೊಳ್ಳುವ, ಉಪ್ಪಿಟ್ಟು ಮಾಡಿಸುವ ಆ ಅಂಗನವಾಡಿ ಟೀಚರ್ ಇಲ್ಲದಿದ್ದರೆ ದೆಹಲಿಯ ಯಾವ ಯೋಜನೆಯೂ ಹಳ್ಳಿ ಮುಟ್ಟುತ್ತಿರಲಿಲ್ಲ. ಅವರಿಗೆ ಇವತ್ತಿಗೂ ಸಿಗುವುದು ಸಂಬಳವಲ್ಲ, ಗೌರವಧನ.

1993ರಲ್ಲಿ ದೇಶಕ್ಕೆ ಮೊದಲ ರಾಷ್ಟ್ರೀಯ ಪೌಷ್ಟಿಕತೆ ನೀತಿ ಬಂತು. ಒಳ್ಳೆಯ ದಾಖಲೆ ಅದು. ಕೃಷಿ, ಆಹಾರ, ಆರೋಗ್ಯ, ಶಿಕ್ಷಣ ಎಲ್ಲ ಇಲಾಖೆಗಳೂ ಕೂಡಿ ಕೆಲಸ ಮಾಡಬೇಕು ಎಂದಿತು. ಬೊಜ್ಜಿನ ವಿಷಯವೂ ಅದರಲ್ಲಿತ್ತು. ಆದರೆ ಅದು ನಗರದ ಒಂದು ಸಣ್ಣ ವರ್ಗದ ಸಮಸ್ಯೆ ಎಂದು ಹೇಳಿ ಮುಂದೆ ಹೋಯಿತು.

ಅದು ಸಣ್ಣ ವರ್ಗದ್ದಲ್ಲ ಎಂಬುದಕ್ಕೆ ಸುಳಿವು ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೂ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ದಾಖಲೆಯಲ್ಲಿ ಬರೆದಿಟ್ಟಿದ್ದರು. ಯಾರೂ ಸಂಶೋಧನೆಗೆಂದು ಬರೆದದ್ದಲ್ಲ, ದಿನದ ಕೆಲಸವೆಂದು ಬರೆದದ್ದು. ದಶಕಗಳ ಮೇಲೆ ಸಂಶೋಧಕರು ಆ ದಾಖಲೆ ಹಿಡಿದು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಮೈಸೂರಿನಲ್ಲಿ ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. 45 ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ಶೇ 11ರಷ್ಟು ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಮೇಲಿದ್ದವರಲ್ಲಿ ಅದು ಶೇ 3 ಮಾತ್ರ.

ಇದರ ಅರ್ಥ ನೋಡಿ. ಹೊಟ್ಟೆಗಿಲ್ಲದ ತಾಯಿಯ ಸಣ್ಣ ಕೂಸು ಬೆಳೆದು ದೊಡ್ಡದಾದ ಮೇಲೆ ಅದರ ಎದೆಯಲ್ಲಿ ಕಾಯಿಲೆ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇನ್ನೂ ಮುಂದಕ್ಕೆ ಹೋಯಿತು. ನಮ್ಮ ಕೂಸುಗಳು ಯುರೋಪಿನ ಕೂಸುಗಳಿಗಿಂತ ಹಗುರ, ಆದರೆ ಆ ಸಣ್ಣ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೋಲಿಕೆಯಲ್ಲಿ ಜಾಸ್ತಿ ಎಂದು ತೋರಿಸಿತು. ಇಂಥ ಮೈಗೆ ಮುಂದೆ ಬಿಳಿ ಅನ್ನ, ಸಕ್ಕರೆ, ಕರಿದ ತಿಂಡಿ ಧಾರಾಳವಾಗಿ ಸಿಕ್ಕಾಗ ಶುಗರ್ ಬೇಗ ಬರುತ್ತದೆ. ಅಪೌಷ್ಟಿಕತೆ ಬಡವರ ರೋಗ, ಶುಗರ್ ಉಳ್ಳವರ ರೋಗ ಎಂದು ನಾವು ನಂಬಿಕೊಂಡು ಬಂದದ್ದು ಇಲ್ಲಿ ಕುಸಿಯುತ್ತದೆ. ಎರಡೂ ಒಬ್ಬರದೇ ಬದುಕಿನ ಎರಡು ಹಂತಗಳು.

ಸರ್ಕಾರದ ಕಡತಗಳಲ್ಲಿ ಮಾತ್ರ ಅವು ಬೇರೆಬೇರೆಯಾಗಿಯೇ ಉಳಿದವು. ತಾಯಿ, ಮಗು ಒಂದು ಇಲಾಖೆಗೆ. ಬಿಪಿ, ಶುಗರ್ ಇನ್ನೊಂದು ಇಲಾಖೆಗೆ, ಅದಕ್ಕೆ 2010ರಲ್ಲಿ ಪ್ರತ್ಯೇಕ ಕಾರ್ಯಕ್ರಮ. ಪಡಿತರ ಮೂರನೆಯದಕ್ಕೆ. ಈ ಮೂರನೆಯದೇ ನಿಜವಾಗಿ ಜನರ ತಟ್ಟೆಯನ್ನು ತೀರ್ಮಾನಿಸುವುದು.

ನ್ಯಾಯಾಲಯ ಬರದಿದ್ದರೆ ಇಷ್ಟೂ ಆಗುತ್ತಿರಲಿಲ್ಲವೇನೋ. 2001ರಲ್ಲಿ ಗೋದಾಮುಗಳು ತುಂಬಿದ್ದವು, ಜನ ಹಸಿದಿದ್ದರು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲೇಬೇಕೆಂದು ಆದೇಶಿಸಿತು. ಮರುವರ್ಷವೇ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ತಲೆಗೆ 5 ಕಿಲೋ ಧಾನ್ಯವನ್ನು ಹಕ್ಕು ಮಾಡಿತು. ಅದೇ ವರ್ಷ ನಮ್ಮಲ್ಲಿ ಅನ್ನಭಾಗ್ಯ, ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂದವು. ಅನ್ನಭಾಗ್ಯವನ್ನು ಹೀಯಾಳಿಸುವವರ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಕೂಲಿ ಸಿಗದ ದಿನ ಒಲೆ ಹಚ್ಚಲು ಸೊಸೈಟಿ ಅಕ್ಕಿ ಎಷ್ಟು ದೊಡ್ಡ ಧೈರ್ಯ ಎಂದು ಆ ಮನೆಯವರಿಗೇ ಗೊತ್ತು. ನನ್ನ ತಕರಾರು ಬೇರೆ. ಕಾಯ್ದೆಯ ಹಕ್ಕಿನ ಪಟ್ಟಿಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯ ಇವೆ. ಬೇಳೆ ಇಲ್ಲ, ಎಣ್ಣೆ ಇಲ್ಲ. ಸಿರಿಧಾನ್ಯ ಇದ್ದರೂ ನಮ್ಮ ಪಡಿತರದಲ್ಲಿ ರಾಗಿ, ಜೋಳಕ್ಕಿಂತ ಅಕ್ಕಿಯದೇ ದೊಡ್ಡ ಪಾಲು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ.

ಅಕ್ಕಿಯನ್ನು ಬಿಡಲಾಗದೆ ಅಕ್ಕಿಯೊಳಗೇ ಪೋಷಕಾಂಶ ತುಂಬುವ ದಾರಿ ಹಿಡಿದೆವು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಕಾಳಿನ ಆಕಾರ ಕೊಟ್ಟು, ನೂರಕ್ಕೆ ಒಂದರಂತೆ ಬೆರೆಸುವುದು. 2021ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಇದನ್ನು ಘೋಷಿಸಿದರು. ಹಳ್ಳಿಗಳಲ್ಲಿ ಏನಾಯಿತು? ಮೊರದಲ್ಲಿ ಅಕ್ಕಿ ಕೇರುವಾಗ ಬಣ್ಣ ಸ್ವಲ್ಪ ಬೇರೆ ಇರುವ ಕಾಳು ಕಣ್ಣಿಗೆ ಬಿತ್ತು. ನೀರಿಗೆ ಹಾಕಿದರೆ ಕೆಲವು ತೇಲಿದವು. 'ಪ್ಲಾಸ್ಟಿಕ್ ಅಕ್ಕಿ ಬಂದಿದೆ' ಎಂಬ ಸುದ್ದಿ ವಾಟ್ಸಾಪಿನಲ್ಲಿ ಓಡಿತು. ಎಷ್ಟೋ ಮನೆಗಳಲ್ಲಿ ಆ ಕಾಳನ್ನು ಒಂದೊಂದಾಗಿ ಆರಿಸಿ ಬಿಸಾಡಿದರು. ಪೋಷಕಾಂಶ ಇದ್ದದ್ದೇ ಅದರಲ್ಲಿ. ತಪ್ಪು ಆ ತಾಯಂದಿರದಲ್ಲ. ಕೊಡುವ ಮೊದಲು ಅವರ ಹತ್ತಿರ ಕೂತು ಮಾತಾಡಿದವರು ಎಷ್ಟು ಜನ?

ತಾಯಂದಿರ ಮಾತು ಬಂತು. 2017ರಲ್ಲಿ ಕರ್ನಾಟಕ ಮಾತೃಪೂರ್ಣ ಯೋಜನೆ ತಂದಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. ಮನೆಯಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವ ಹೆಣ್ಣಿಗೆ ಅವಳ ಪಾಲು ಅವಳಿಗೇ ಸಿಗಲಿ ಎಂಬ ಆಲೋಚನೆ. ಮೈಸೂರಿನ ದಾಖಲೆಗಳು ಹೇಳಿದ ಸತ್ಯಕ್ಕೆ ಇಷ್ಟು ಹತ್ತಿರ ಬಂದ ಯೋಜನೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತುಂಬು ಬಸುರಿ ದಿನಾ ನಡೆದು ಬರಬೇಕಿತ್ತು ಎಂಬುದೇ ಅದರ ತೊಡಕು. ಮಲೆನಾಡಿನ ಒಂಟಿ ಮನೆಗಳಿಂದ ಅದು ಆಗದ ಮಾತು.

ಈ ಎಲ್ಲದರ ಫಲ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಅದೇ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಗೆ ಅತಿ ತೂಕ. ಅಂದರೆ ಎಷ್ಟೋ ಕಡೆ ಒಬ್ಬಳೇ ಹೆಂಗಸಿಗೆ ತೂಕ ಜಾಸ್ತಿ, ರಕ್ತ ಕಮ್ಮಿ. ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿತು. ಅದೇ ತಂಡ 2025ರಲ್ಲಿ ಹೇಳಿದ್ದು, ನಮ್ಮ ಊಟದ ಶಕ್ತಿಯಲ್ಲಿ ಶೇ 62 ಬರುವುದು ಪಿಷ್ಟ, ಸಕ್ಕರೆಗಳಿಂದ. ಅದರಲ್ಲಿ ದೊಡ್ಡ ಪಾಲು ಬಿಳಿ ಅಕ್ಕಿ, ಹಿಟ್ಟು ಮಾಡಿದ ಧಾನ್ಯ ಮತ್ತು ಸೇರಿಸಿದ ಸಕ್ಕರೆಯದು.

ಕೂನೂರಿನ ಆ ಕೋಣೆಯಿಂದ ಬೆಳೆದ ಹೈದರಾಬಾದಿನ ಸಂಸ್ಥೆಯೇ 2024ರ ಮೇನಲ್ಲಿ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿತು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45 ದಾಟಬಾರದು, ಬೇಳೆಕಾಳು, ಮೊಟ್ಟೆ, ಮಾಂಸದಂಥವುಗಳಿಂದ ಸುಮಾರು ಶೇ 15 ಬರಬೇಕು. ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ಕ್ಕೆ ಕೆಟ್ಟ ಆಹಾರವೇ ಕಾರಣ ಎಂದೂ ಅದು ಹೇಳಿತು. ಪೊಟ್ಟಣದ ಆಹಾರದ ವಿಷಯದಲ್ಲಿ ಒಂದು ಕೆಲಸ ಆಗಿದೆ: 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಶೇ 2 ದಾಟುವಂತಿಲ್ಲ. ಆದರೆ ಪೊಟ್ಟಣದ ಮುಂಭಾಗದಲ್ಲಿ ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಎಂದು ನೇರವಾಗಿ ಎಚ್ಚರಿಸುವ ಬದಲು, ಆಹಾರಕ್ಕೆ ಅಂಕದಂತೆ ನಕ್ಷತ್ರ ಕೊಡುವ ಕರಡು ನಿಯಮವನ್ನು ಅದೇ ವರ್ಷ ತಂದರು. ಚಿಲಿ ದೇಶ 2016ರಲ್ಲೇ ಅಂಥ ಎಚ್ಚರಿಕೆಯ ಕಪ್ಪು ಮುದ್ರೆ ಒತ್ತಿಸಿತ್ತು. ಬಿಸ್ಕತ್ತಿನ ಪೊಟ್ಟಣಕ್ಕೆ ನಕ್ಷತ್ರ ಹಾಕಿದರೆ ಮಕ್ಕಳು ಅದನ್ನು ಬಹುಮಾನ ಅಂದುಕೊಳ್ಳುತ್ತಾರೆ, ಅಲ್ವಾ?

ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡುವ ವಿಚಾರಕ್ಕೆ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲು ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಬೇಡದವರಿಗೆ ಬಾಳೆಹಣ್ಣು, ಚಿಕ್ಕಿ. ಮಕ್ಕಳಲ್ಲಿ ಹೆಚ್ಚಿನವರು ಕೇಳಿದ್ದು ಮೊಟ್ಟೆಯನ್ನೇ.

ಈಗ ಲೆಕ್ಕ ಬದಲಾಗುವ ಸೂಚನೆ ಪಡಿತರದಲ್ಲೇ ಕಂಡಿದೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಆಹಾರ ಕಿಟ್ ಕೊಡಲು ಒಪ್ಪಿತು. ಅದರಲ್ಲಿ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು. ಬೇಳೆ ಪಟ್ಟಿಗೆ ಬಂದದ್ದು ದೊಡ್ಡ ಸಂಗತಿ. ಸಕ್ಕರೆ ಯಾಕೆ ಎಂದು ನಾನು ಕೇಳುತ್ತೇನೆ. ಶುಗರ್ ತಪಾಸಣೆಗೆ ಮನೆ ಬಾಗಿಲಿಗೆ ಬರುವ ಸರ್ಕಾರವೇ ಸಕ್ಕರೆಯನ್ನೂ ಹೊತ್ತು ತರಬೇಕೇ? ಆ ದುಡ್ಡಿನಲ್ಲಿ ಕಲಬುರಗಿಯ ರೈತರಿಂದ ಇನ್ನಷ್ಟು ತೊಗರಿ, ಹಳೇ ಮೈಸೂರಿನ ರೈತರಿಂದ ರಾಗಿ ಕೊಳ್ಳಬಹುದು. ಕಿಟ್‌ನ ಪಟ್ಟಿ ಕಲ್ಲಿನ ಶಾಸನವಲ್ಲ, ಇಲಾಖೆ ಮನಸ್ಸು ಮಾಡಿದರೆ ಒಂದು ಆದೇಶದಲ್ಲಿ ಬದಲಾಗುತ್ತದೆ.