ಅಕ್ಕಿಯಲ್ಲಿ ಬರೆದ ಹೆಸರಿಗೆ ದಾಖಲೆ ಎಲ್ಲಿ?

ರಾಯಚೂರಿನ ನನ್ನ ಕಚೇರಿಗೆ ಕೆಲವು ತಿಂಗಳ ಹಿಂದೆ ಮಾನ್ವಿ ಕಡೆಯ ತಂದೆ, ಮಗಳು ಬಂದಿದ್ದರು. ಅಳಿಯ ಅಮೆರಿಕದ ಪೌರ. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿನ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಹಾಕಿದ್ದಾನೆ. ಅಲ್ಲಿಂದ ಬಂದ ಪತ್ರದಲ್ಲಿ ಒಂದೇ ಕೇಳಿಕೆ: ಮದುವೆಯ ಪ್ರಮಾಣಪತ್ರದಲ್ಲಿರುವ ಹೆಂಗಸು ಮತ್ತು ಜನನ ಪ್ರಮಾಣಪತ್ರದಲ್ಲಿರುವ ಹುಡುಗಿ ಒಬ್ಬರೇ ಎಂದು ತೋರಿಸಿ. ಇಂಥ ಪತ್ರಕ್ಕೆ ಉತ್ತರಿಸಲು ನಿಯಮದಂತೆ ಹೆಚ್ಚೆಂದರೆ 12 ವಾರ, ವಿಸ್ತರಣೆ ಇಲ್ಲ.

“ವಕೀಲ ಸಾಹೇಬರೇ, ಇವಳು ನನ್ನ ಮಗಳೆಂದು ಹೆತ್ತ ತಂದೆ ನಾನು ಹೇಳಿದರೆ ಸಾಲದೇ?” ಎಂದರು ಹಿರಿಯರು.

ನಮ್ಮ ಭಾಗದ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಮದುಮಗ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಅಲ್ಲ, ತವರಿನಲ್ಲಿ ಇಟ್ಟ ಹೆಸರೇ ಹೋಗುತ್ತದೆ. ಈ ಹುಡುಗಿಗೂ ಹಾಗೆಯೇ ಆಗಿತ್ತು. ಉಪನೋಂದಣಿ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗ ಅತ್ತೆ ಮನೆಯವರು ವಧುವಿನ ಹೆಸರಿನ ಜಾಗದಲ್ಲಿ ಆ ಹೊಸ ಹೆಸರನ್ನೇ ಬರೆಸಿದ್ದರು. ಹಳೆಯ ಹೆಸರು ಪತ್ರದಲ್ಲಿ ಎಲ್ಲೂ ಇಲ್ಲ. ತಾಳಿ ಕಟ್ಟಿಸಿಕೊಳ್ಳಲು ಬಂದು ಕುಳಿತಾಗ ಆ ಹೊಸ ಹೆಸರಿನವಳು ಇರಲೇ ಇಲ್ಲ! ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಸೇತುವೆಯಾಗಬೇಕಿದ್ದ ಕಾಗದವೇ ಸೇತುವೆಯನ್ನು ಕೆಡವಿತ್ತು.

ಆದ್ದರಿಂದ ಮದುವೆ ನೋಂದಣಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಬರೆಸಿ. ಹೊಸ ಹೆಸರು ಆಮೇಲೆ ಬರಲಿ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರನ್ನೇ ಇಟ್ಟುಕೊಂಡು ಗಂಡನ ಹೆಸರನ್ನು ಮಾತ್ರ ಸೇರಿಸಬಹುದು. ವಿದೇಶಕ್ಕೆ ಹೊರಟವರಿಗೆ ಅದೇ ಸಲೀಸಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅತ್ತೆಯವರಿಗೆ ಇದು ರುಚಿಸುವುದಿಲ್ಲ, ಗೊತ್ತು.

ಇನ್ನೊಂದು ತೊಡಕು ನಮ್ಮದೇ. ಇಲ್ಲಿನ ಪಹಣಿ, ಪಡಿತರ ಚೀಟಿಗಳಲ್ಲಿ ‘ಈರಮ್ಮ ಗಂಡ ಬಸಪ್ಪ’ ಎಂಬ ಬರವಣಿಗೆ ರೂಢಿ. ಇಂಗ್ಲಿಷಿಗೆ ಇಳಿಸುವವರು ‘ಗಂಡ’ವನ್ನೂ ಹೆಸರಿನ ತುಂಡೆಂದು ಸೇರಿಸಿಬಿಡುತ್ತಾರೆ. ಅಲ್ಲಿಯ ಅಧಿಕಾರಿಗೆ ಅದು ಮೂರನೆಯ ಹೆಸರು. ಕನ್ನಡ ದಾಖಲೆಯ ಜೊತೆ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ಎರಡೂ ಭಾಷೆ ನನಗೆ ಬರುತ್ತದೆ ಎಂದು ಅನುವಾದಕನೇ ಬರೆದು ಸಹಿ ಹಾಕಬೇಕು. ಅಲ್ಲೇ ‘ಗಂಡ’ದ ಅರ್ಥವನ್ನೂ ಬಿಡಿಸಿಬಿಡಿ.

ಅರ್ಜಿಯಲ್ಲಿ ‘ಬಳಸಿದ ಇತರ ಹೆಸರುಗಳು’ ಎಂಬ ಕಾಲಂ ಇರುತ್ತದೆ. ಗೊಂದಲ ಬೇಡವೆಂದು ಅದನ್ನು ಖಾಲಿ ಬಿಡುವವರೇ ಹೆಚ್ಚು. ಎರಡು ಹೆಸರಿರುವುದು ತಪ್ಪಲ್ಲ. ಒಂದನ್ನು ಮುಚ್ಚಿಟ್ಟಂತೆ ಕಂಡರೆ ಸಂಶಯ ಹುಟ್ಟುತ್ತದೆ. ತವರಿನ ಹೆಸರು, ಅತ್ತೆ ಮನೆಯ ಹೆಸರು, ಕಾಗುಣಿತ ಬೇರೆಯಾದ ಹೆಸರು, ಎಲ್ಲವನ್ನೂ ಬರೆಯಿರಿ.

ಮಾನ್ವಿಯವರ ಕಡತಕ್ಕೆ ಬರುತ್ತೇನೆ. ಅಂಕಪಟ್ಟಿ, ತವರಿನ ಪಡಿತರ ಚೀಟಿ, ಮದುವೆಗೆ ಮುಂಚಿನ ಪಾಸ್‌ಪೋರ್ಟ್ ಸಿಕ್ಕವು. ಎಲ್ಲಕ್ಕಿಂತ ಬೆಲೆ ಬಂದದ್ದು ಲಗ್ನಪತ್ರಿಕೆಗೆ: ಅದರಲ್ಲಿ ತವರಿನ ಹೆಸರು, ವರನ ಹೆಸರು, ಮುಹೂರ್ತದ ದಿನ ಒಂದೇ ಹಾಳೆಯಲ್ಲಿದ್ದವು. ನೋಂದಣಿ ಪತ್ರದ ದಿನಕ್ಕೂ ಅದು ತಾಳೆಯಾಯಿತು. ಎರಡೂ ಹೆಸರು ನಮೂದಿಸಿ ಗಂಡ, ಹೆಂಡತಿ ಅಫಿಡವಿಟ್ ಮಾಡಿದರು. ಹೆಸರು ಬದಲಾವಣೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಲು ಅರ್ಜಿ ಹಾಕಿಸಿದೆ.

ದಾಖಲೆ ಸಾಲದ ಕಡೆ, ಅರ್ಜಿಯಲ್ಲಿ ಪಕ್ಷಗಾರರಲ್ಲದ, ವಿಷಯವನ್ನು ಕಣ್ಣಾರೆ ಬಲ್ಲ ಇಬ್ಬರ ಅಫಿಡವಿಟ್ ಒಪ್ಪಲು ಅಮೆರಿಕದ ನಿಯಮದಲ್ಲಿ ಅವಕಾಶವಿದೆ. ಒಂದನ್ನು ಸೋದರಮಾವ ಕೊಟ್ಟರು, ಇನ್ನೊಂದನ್ನು ತಂದೆ. ಅವರ ಮಾತು ಬೇಕಾಗಿಯೇ ಇತ್ತು, ಕಡತದ ಕೊನೆಯ ಹಾಳೆಯಾಗಿ. ನೋಟರಿಯ ಮುಂದೆ ಸಹಿ ಹಾಕುವ ಮೊದಲು ಅವರು ಕರಡನ್ನು ಎರಡು ಸಲ ಓದಿಸಿಕೊಂಡು, ತಾವಿಟ್ಟ ಹೆಸರು ಮೊದಲು ಬರುವಂತೆ ತಿದ್ದಿಸಿದರು.